ನಾನೂರ ಹದಿನೇಳನೇ ಕಿವಿ

ಸೋಮವಾರ ಬೆಳಿಗ್ಗೆ ಹತ್ತಕ್ಕೆ ನಾನು ಕನ್ನಡಕ ಒರೆಸಿಕೊಂಡು ಕಂಪ್ಯೂಟರಿನ ಮುಂದೆ ಕೂತರೆ, ಹಿಂದಿನ ವಾರದ ಕಿವಿಗಳೆಲ್ಲ ಸಾಲಾಗಿ ಇಳಿದು ಬರುತ್ತವೆ. ನಮ್ಮ ಶ್ರವಣ ಕೇಂದ್ರದಲ್ಲಿ ಎರಡು ವರ್ಷದಿಂದ ಈ ವ್ಯವಸ್ಥೆ ಇದೆ. ಜನ ಮನೆಯಲ್ಲೇ ಕೂತು, ಫೋನಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ತಮ್ಮ ಕಿವಿಯನ್ನು ತಾವೇ ಪರೀಕ್ಷೆ ಮಾಡಿಕೊಳ್ಳಬಹುದು. ಕುದಿಯುವ ನೀರಿನಂಥ ಸದ್ದಿನ ನಡುವೆ ಒಂದು ಹೆಂಗಸಿನ ದನಿ ಮೂರು ಅಂಕಿ ಹೇಳುತ್ತದೆ. ಕೇಳಿದ್ದನ್ನು ಫೋನಿನ ಮೇಲೆ ಒತ್ತಬೇಕು. ಸರಿಯಾದರೆ ಮುಂದಿನ ಸಲ ದನಿ ಇನ್ನಷ್ಟು ಸಣ್ಣಗಾಗುತ್ತದೆ, ತಪ್ಪಾದರೆ ದೊಡ್ಡದಾಗುತ್ತದೆ. ಹೀಗೆ ಇಪ್ಪತ್ತನಾಲ್ಕು ಸುತ್ತು. ಕೊನೆಗೆ ‘ನಿಮ್ಮ ಕಿವಿ ಚೆನ್ನಾಗಿದೆ’ ಎಂದೋ, ‘ತಜ್ಞರನ್ನು ಕಾಣಿ’ ಎಂದೋ ಬರುತ್ತದೆ.

ಆ ಎಲ್ಲ ಲೆಕ್ಕವನ್ನು ಯಂತ್ರದಿಂದ ಶೀಟಿಗೆ ಇಳಿಸಿ, ಸರಿ ಇದೆಯೇ ಎಂದು ಸಾಲು ಸಾಲಾಗಿ ನೋಡಿ, ಕಿವಿ ಡಾಕ್ಟರಿಗೆ ಕೊಡುವುದು ನನ್ನ ಕೆಲಸ. ಶೀಟಿನಲ್ಲಿ ಯಾರ ಹೆಸರೂ ಇರುವುದಿಲ್ಲ. ಒಂದು ನಂಬರು, ಗಂಡೋ ಹೆಣ್ಣೋ, ವಯಸ್ಸು, ಎಲ್ಲಿಯವರೆಗೆ ಓದಿದ್ದಾರೆ, ಇಯರ್‌ಫೋನ್ ಸ್ವಂತದ್ದೋ ಇಸಕೊಂಡದ್ದೋ. ಆಮೇಲೆ ದನಿ ಹೇಳಿದ ಅಂಕಿ ಒಂದು ಕಾಲಂನಲ್ಲಿ, ಅವರು ಒತ್ತಿದ ಅಂಕಿ ಪಕ್ಕದ ಕಾಲಂನಲ್ಲಿ. ಕೊನೆಯ ಕಾಲಂ, ‘ನಾವು ಫೋನ್ ಮಾಡಬಹುದೇ?’ ಅಲ್ಲಿ ‘ಸರಿ’ ಅಥವಾ ‘ಬೇಡ’.

ಈ ಕೇಂದ್ರಕ್ಕೆ ನಾನು ಬಂದದ್ದು ಆಯಾ ಆಗಿ. ಕಿವಿ ಮಷೀನಿನ ಅಚ್ಚುಗಳನ್ನು ಸೋಪಿನ ನೀರಿನಲ್ಲಿ ತೊಳೆದು ಬಟ್ಟೆಯ ಮೇಲೆ ಹರವುವುದು ಆಗಿನ ಕೆಲಸ. ರಾತ್ರಿ ಶಾಲೆಯಲ್ಲಿ ಓದು ಬರಹ ಕಲಿತ ಮೇಲೆ ಚೀಟಿ ಬರೆಯುವ ಕಿಟಕಿಗೆ ಬಂದೆ, ನಿವೃತ್ತಿಯೂ ಆದೆ. ಆಮೇಲೆ ಡಾಕ್ಟರೇ ಮತ್ತೆ ಕರೆದರು. “ನಿಮ್ಮ ಹಾಗೆ ಒಂದೊಂದು ಸಾಲನ್ನೂ ಓದೋರು ಯಾರೂ ಸಿಗ್ತಿಲ್ಲ ಅಮ್ಮ. ಎಲ್ಲರೂ ಕೆಳಗಿನ ಮೊತ್ತ ನೋಡಿ ಎದ್ದು ಹೋಗ್ತಾರೆ” ಎಂದರು. ತಡವಾಗಿ ಓದು ಕಲಿತವರಿಗೆ ಹಾರಿಸಿ ಓದುವುದು ಬರುವುದಿಲ್ಲ, ಅಷ್ಟೇ.

ಮೊದಲ ತಿಂಗಳಲ್ಲೇ ಒಂದು ತಪ್ಪು ನನ್ನ ಕಣ್ಣಿಗೆ ಬಿದ್ದಿತ್ತು. ದನಿ ‘ಸೊನ್ನೆ ಮೂರು ಐದು’ ಎಂದರೆ, ಶೀಟಿಗೆ ಇಳಿಯುವಾಗ ಮುಂದಿನ ಸೊನ್ನೆ ಮಾಯವಾಗಿ ಬರೀ ಮೂವತ್ತೈದು ಉಳಿಯುತ್ತಿತ್ತು. ಪಾಪ, ಸರಿಯಾಗಿ ಕೇಳಿಸಿಕೊಂಡವರೂ ತಪ್ಪಿನ ಲೆಕ್ಕಕ್ಕೆ ಹೋಗುತ್ತಿದ್ದರು. ಪ್ರೋಗ್ರಾಂ ಬರೆದವಳಿಗೆ ಹೇಳಿದೆ. ಅವಳನ್ನು ನಾವೆಲ್ಲ ಮಿಷಿನ್ನಮ್ಮ ಅಂತಲೇ ಕರೆಯುವುದು. ಎರಡು ಮಕ್ಕಳ ತಾಯಿ, ಬಾಯಿ ಸ್ವಲ್ಪ ಜೋರು. ಅವತ್ತಿನಿಂದ ಅವಳಿಗೆ ನನ್ನ ಮೇಲೆ ಪ್ರೀತಿಯೂ ಇತ್ತು, ಭಯವೂ ಇತ್ತು.

ಆ ಸೋಮವಾರ ನಾನು ಕರೆದಾಗ ಅವಳು ದೂರದಿಂದಲೇ ಕೈಮುಗಿದಳು.

“ಮತ್ತೆ ನನ್ನ ಪ್ರೋಗ್ರಾಂ ಯಾವ ಸೊನ್ನೆ ನುಂಗಿತು ಅಮ್ಮ?”

“ಸೊನ್ನೆ ಅಲ್ಲ. ಈ ನಾನೂರ ಹದಿನೇಳನ್ನ ನೋಡು.”

ನಾನೂರ ಹದಿನೇಳು ಅರವತ್ತು ದಾಟಿದ ಹೆಂಗಸು. ಓದಿನ ಕಾಲಂನಲ್ಲಿ ‘ವಯಸ್ಕರ ಶಾಲೆ’ ಎಂದಿತ್ತು. ಇಯರ್‌ಫೋನ್ ಇಸಕೊಂಡದ್ದು. ಹಿಂದಿನ ಎರಡು ವಾರದ ಶೀಟುಗಳನ್ನೂ ತೆಗೆದು ನೋಡಿದ್ದೆ. ಮೂರು ಮಂಗಳವಾರ, ಬೆಳಿಗ್ಗೆ ಹನ್ನೊಂದೂ ಮುಕ್ಕಾಲಿಗೆ, ಮೂರು ಸಲ ಪರೀಕ್ಷೆ ಮಾಡಿಕೊಂಡಿದ್ದಳು. ಮೂರು ಸಲವೂ ‘ತಜ್ಞರನ್ನು ಕಾಣಿ’. ಫೋನ್ ಮಾಡಬಹುದೇ ಎಂದರೆ ಮೂರು ಸಲವೂ ‘ಬೇಡ’.

“ಕಿವಿ ಹೋಗಿದೆ, ಅಷ್ಟೇ ತಾನೇ?” ಎಂದಳು ಮಿಷಿನ್ನಮ್ಮ.

“ಹೋಗಿಲ್ಲ. ಈ ಏಳು ಸುತ್ತು ನೋಡು. ಒಂದರ ಹಿಂದೆ ಒಂದು ಏಳೂ ಸರಿ. ದನಿ ಸದ್ದಿನಡಿ ಮುಳುಗೇ ಹೋಗಿದೆ, ಆದರೂ ಕೇಳಿಸಿಕೊಂಡಿದ್ದಾಳೆ. ಆ ಏಳು ಸುತ್ತಲ್ಲಿ ಆರೂ ಇಲ್ಲ, ಒಂಬತ್ತೂ ಇಲ್ಲ. ಎಂಟನೇದರಲ್ಲಿ ಒಂಬತ್ತು ಬಂತು, ಆರು ಒತ್ತಿದಳು. ತಪ್ಪು. ಇಲ್ಲಿ ಆರು ಬಂತು, ಒಂಬತ್ತು ಒತ್ತಿದಳು. ತಪ್ಪು. ಎಪ್ಪತ್ತೆರಡು ಸಾಲಲ್ಲೂ ಇದೇ ಕಥೆ.”

ಅವಳು ಕುರ್ಚಿ ಎಳೆದುಕೊಂಡು ಕೂತಳು. ಬೆರಳಿಟ್ಟು ಸಾಲುಗಳನ್ನು ನೋಡುತ್ತಾ ಹೋದಳು. “ಅಯ್ಯೋ ಶಿವನೇ,” ಎಂದಳು ಮೆಲ್ಲಗೆ. “ಕಿವಿ ಸರಿಯಾಗೇ ಇದೆ. ಕೈ ತಲೆಕೆಳಗೆ. ಯಾರಮ್ಮ ಇವರು ಹೀಗೆ ಮಾಡೋರು?”

ಯಾರು ಹೀಗೆ ಮಾಡುವವರು ಎಂದು ನನಗೆ ಗೊತ್ತಿತ್ತು. ಗೊತ್ತಿದೆ ಎಂದುಕೊಂಡದ್ದಕ್ಕೇ ಕುರ್ಚಿಯ ಮೇಲೆ ಕೂರಲಾಗದೆ ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದೆ.

ನನಗೊಬ್ಬಳು ವಾರಗಿತ್ತಿ ಇದ್ದಳು, ಮೈದುನನ ಹೆಂಡತಿ. ಸಣ್ಣ ಮೈಕಟ್ಟು, ಚುರುಕು ಕಣ್ಣು. ಮನೆಗೆ ಬಂದ ವಾರದಲ್ಲೇ ಅವಳಿಗೆ ಗುಬ್ಬಿ ಎಂದು ಹೆಸರಾಯಿತು. ಒಲೆಯ ಮುಂದೆ ಇಬ್ಬರೂ ಪಿಸುಗುಟ್ಟಿ ನಗುತ್ತಿದ್ದರೆ ಅತ್ತೆ, “ಏನ್ರೇ ಅದು, ನಮಗೂ ಹೇಳ್ರೇ” ಎಂದು ನಡುಮನೆಯಿಂದಲೇ ಕೂಗುತ್ತಿದ್ದರು. ರಾತ್ರಿ ಶಾಲೆಗೆ ಹೋಗೋಣ ಎಂದು ಹಟ ಹಿಡಿದವಳು ಅವಳೇ. “ಅಕ್ಕ, ಬಸ್ಸಿನ ಬೋರ್ಡು ಓದೋಕಾದ್ರೂ ಬರಬೇಕು. ಇಲ್ಲಾಂದ್ರೆ ಎಲ್ಲಿಗೋ ಹೋಗಿ ಎಲ್ಲೋ ಇಳೀತೀವಿ” ಎನ್ನುತ್ತಿದ್ದಳು.

ಶಾಲೆ ನಡೆಯುತ್ತಿದ್ದದ್ದು ಒಬ್ಬ ದರ್ಜಿಯ ಅಂಗಡಿಯಲ್ಲಿ, ಬಟ್ಟೆ ಕತ್ತರಿಸುವ ಅಗಲವಾದ ಮೇಜಿನ ಸುತ್ತ. ಮನೆಗೆ ಒಂದರಂತೆ ಪುಸ್ತಕ ಕೊಟ್ಟಿದ್ದರು, ಹಿರಿಯಳೆಂದು ಅದು ನನ್ನ ಕೈಗೆ ಬಂತು. ಗುಬ್ಬಿಗೆ ಆಗ ಮಡಿಲಲ್ಲಿ ಕೂಸು. ಗೋಡೆಯ ಕಡೆ ಒಂದು ಕೊಕ್ಕೆಗೆ ಜೋಲಿ ಕಟ್ಟಿ, ಅದರ ಹಗ್ಗವನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿಕೊಂಡು ತೂಗುತ್ತಾ ಕಲಿಯುತ್ತಿದ್ದಳು. ಹಾಗಾಗಿ ಅವಳು ಆ ಕಡೆ, ನಾನು ಈ ಕಡೆ, ನಡುವೆ ನನಗೆ ನೆಟ್ಟಗಿದ್ದ ಪುಸ್ತಕ. ಅವಳು ಅಕ್ಷರಗಳನ್ನೆಲ್ಲ ತಲೆಕೆಳಗಾಗಿಯೇ ಕಲಿತಳು. ಮಿಕ್ಕವು ಹೇಗೋ ಸರಿಹೋದವು, ಏಕೆಂದರೆ ‘ಅ’ವನ್ನು ತಿರುಗಿಸಿದರೆ ಬೇರೆ ಅಕ್ಷರ ಆಗುವುದಿಲ್ಲ. ಆರು, ಒಂಬತ್ತು ಮಾತ್ರ ಹಾಗಲ್ಲ. ಅವಳ ಆರು ನಮ್ಮ ಒಂಬತ್ತು. ನೋಡಿಕೊಂಡು ಬರೆಯುವಾಗ ಇದ್ದದ್ದು ಇದ್ದಂತೆ ಬರೆಯುತ್ತಿದ್ದಳು. ಕಿವಿಯಲ್ಲಿ ಕೇಳಿ ಬರೆಯುವಾಗಲೇ ತಪ್ಪುತ್ತಿದ್ದಳು.

ಇದು ನನಗೆ ಎರಡನೇ ತಿಂಗಳಲ್ಲೇ ತಿಳಿದಿತ್ತು. ಪುಸ್ತಕವನ್ನು ಒಂದು ಸಲ ಅವಳ ಕಡೆ ತಿರುಗಿಸಿದ್ದರೆ ಮುಗಿಯುತ್ತಿತ್ತು. ಮೇಷ್ಟರಿಗಾದರೂ ಹೇಳಬಹುದಿತ್ತು. ಹೇಳಲಿಲ್ಲ. ಮನೆಯಲ್ಲಿ ಎಲ್ಲದರಲ್ಲೂ ಅವಳೇ ಚುರುಕು. ಈ ಒಂದರಲ್ಲಿ ನಾನು ಮುಂದಿದ್ದೆ, ಅದು ನನಗೆ ಹಿತವಾಗಿತ್ತು.

ಕೇಳಿ ಬರೆಯುವ ಲೆಕ್ಕದ ಪರೀಕ್ಷೆಯಲ್ಲಿ ನಾನು ಪಾಸು, ಅವಳು ಫೇಲು. ಮಾವನವರು ಅವಳ ಉತ್ತರದ ಹಾಳೆಯನ್ನು ಊಟದ ಹೊತ್ತಿನಲ್ಲಿ ಗಟ್ಟಿಯಾಗಿ ಓದಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಗುಬ್ಬಿ ನನ್ನನ್ನಷ್ಟೇ ನೋಡಿದಳು. ಅವಳಿಗೂ ಅಷ್ಟು ಹೊತ್ತಿಗೆ ಗೊತ್ತಾಗಿತ್ತು ಎಂದು ಕಾಣುತ್ತದೆ. ಮೂರು ತಿಂಗಳಲ್ಲಿ ಮೈದುನನಿಗೆ ಬೇರೆ ಊರಿನ ಡಿಪೋದಲ್ಲಿ ಕೆಲಸವಾಯಿತು. ಸಾಮಾನಿನ ಲಾರಿ ಹೊರಡುವಾಗ ನಾನು ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಿದ್ದೆ, ಉಜ್ಜಿದ್ದನ್ನೇ ಮತ್ತೆ ಉಜ್ಜುತ್ತಿದ್ದೆ. ಮೂವತ್ತೊಂದು ವರ್ಷವಾಯಿತು. ಮೈದುನ ತೀರಿಹೋದಾಗಲೂ ನಮ್ಮವರೊಬ್ಬರೇ ಹೋಗಿ ಬಂದರು. ನಾನು ಜ್ವರ ಎಂದು ಮಲಗಿದೆ. ಹಣೆ ತಣ್ಣಗೇ ಇತ್ತು.

ಈಗ ಅದೇ ತಪ್ಪು, ಅದೇ ವಯಸ್ಸು, ಅದೇ ಓದು ಪರದೆಯ ಮೇಲೆ. ಈ ನಾನೂರ ಹದಿನೇಳು ನನ್ನ ಗುಬ್ಬಿಯೇ? ಆ ಒಂದು ಮಾತು ತಿಳಿದರೆ ಸಾಕು ಎನಿಸಿತು.

ತಿಳಿಯುವ ದಾರಿ ನನ್ನ ಬೆರಳಿನ ತುದಿಯಲ್ಲೇ ಇತ್ತು. ಲೆಕ್ಕವನ್ನು ಇಳಿಸುವಾಗ ಪ್ರತಿಸಲ ಒಂದು ಸಣ್ಣ ಚೌಕ ಬರುತ್ತದೆ, ‘ಸಂಪರ್ಕ ವಿವರ ಸೇರಿಸಿ’. ಅದರಲ್ಲಿ ಗುರುತು ಹಾಕಿದರೆ ಹೆಸರು, ಫೋನ್ ನಂಬರು ಎಲ್ಲ ಶೀಟಿಗೆ ಇಳಿಯುತ್ತದೆ. ಹಾಕಬಾರದು ಎನ್ನುವುದು ನಿಯಮ. ಎರಡು ವರ್ಷದಲ್ಲಿ ನಾನು ಆ ಚೌಕದ ಕಡೆ ತಿರುಗಿಯೂ ನೋಡಿರಲಿಲ್ಲ. ಅವತ್ತು ಮೌಸಿನ ಬಾಣವನ್ನು ಅದರ ಮೇಲೆ ತಂದು ನಿಲ್ಲಿಸಿದೆ. ಪಕ್ಕದ ಕೋಣೆಯಲ್ಲಿ ಯಾರೋ ಮುದುಕರಿಗೆ ಕಿವಿ ಪರೀಕ್ಷೆ ನಡೆಯುತ್ತಿತ್ತು. “ಸದ್ದು ಕೇಳಿದಾಗ ಕೈ ಎತ್ತಿ ಅಜ್ಜ. ಕೇಳದಿದ್ದರೆ ಎತ್ತಬೇಡಿ” ಎನ್ನುತ್ತಿದ್ದಳು ನರ್ಸು. ಆ ಅಜ್ಜ ಸುಮ್ಮನೆ ಎತ್ತುತ್ತಲೇ ಇದ್ದರು. ನಾನು ಮೌಸಿನ ಮೇಲಿನ ಕೈ ತೆಗೆದೆ. ಅವಳು ಮೂರು ಸಲ ಬೇಡ ಎಂದಿದ್ದಾಳೆ. ಬೇಡ ಎಂದವಳ ಮನೆ ಬಾಗಿಲನ್ನು ಕಳ್ಳತನದಲ್ಲಿ ತೆರೆದು, ಅಕ್ಕ ಬಂದಿದ್ದೀನಿ ಎನ್ನುವುದೇ?

ಡಾಕ್ಟರ ಹತ್ತಿರ ಹೋಗಿ ಶೀಟು ತೋರಿಸಿದೆ. ಗುಬ್ಬಿಯ ವಿಷಯವನ್ನೂ ಹೇಳಿದೆ, ಮುಚ್ಚಿಡಲಿಲ್ಲ. ಅವರು ಬಹಳ ಹೊತ್ತು ಸಾಲುಗಳನ್ನು ನೋಡಿದರು.

“ನಂಬರ್ ಕೊಡೋಕೆ ಆಗಲ್ಲ ಅಮ್ಮ.”

“ಕೇಳ್ತಾ ಇಲ್ಲ ಸಾರ್.”

“ಆದರೆ ನಾವು ಈ ಹೆಂಗಸಿಗೆ ಮೂರು ಸಲ ಸುಳ್ಳು ಹೇಳಿದ್ದೀವಿ. ಕಿವಿ ಹೋಗ್ತಿದೆ ಅಂದುಕೊಂಡು ಎಷ್ಟು ಹೆದರಿದ್ದಾರೋ ಏನೋ. ಇದನ್ನ ಸರಿ ಮಾಡಲೇಬೇಕು. ಇಂಥವರು ಇನ್ನೆಷ್ಟು ಜನ ಇದ್ದಾರೆ ನೋಡಿ.”

ಮಿಷಿನ್ನಮ್ಮ ಎರಡು ಸಾವಿರದ ಮುನ್ನೂರು ಜನರ ಸಾಲುಗಳನ್ನು ಜಾಲಾಡಿದಳು. ಐದು ಜನ ಸಿಕ್ಕರು. ಆ ಐವರಿಗೂ ಯಂತ್ರವೇ ಒಂದು ಸಂದೇಶ ಕಳಿಸುತ್ತದೆ, ಯಾರಿಗೆ ಹೋಯಿತೆಂದು ನಮಗೆ ತಿಳಿಯುವುದಿಲ್ಲ ಎಂದಾಯಿತು. ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಎರಡು ದಿನ ಬರೆದೆ, ಅಳಿಸಿದೆ.

“ನಾಲ್ಕು ಸಾಲು ಅಮ್ಮ, ಮದುವೆ ಕರೆಯೋಲೆ ಅಲ್ಲ” ಎಂದು ಮಿಷಿನ್ನಮ್ಮ ಬಾಗಿಲಲ್ಲಿ ನಿಂತು ಚುಚ್ಚಿದಳು. ನಾನು ಬರೆದದ್ದನ್ನು ಓದಿದವಳು ಮತ್ತೊಮ್ಮೆ ಮೊದಲಿನಿಂದ ಓದಿದಳು.

‘ನಿಮ್ಮ ಕಿವಿ ಹಾಳಾಗಿದೆ ಎಂದು ನಾವು ಹೇಳಿದ್ದು ತಪ್ಪು. ನೀವು ಚೆನ್ನಾಗಿಯೇ ಕೇಳಿಸಿಕೊಂಡಿದ್ದೀರಿ. ಆರು, ಒಂಬತ್ತು ಎರಡೇ ಅದಲುಬದಲಾಗಿವೆ. ಅದು ನಿಮಗೆ ಕಲಿಸಿದವರ ತಪ್ಪು, ನಿಮ್ಮದಲ್ಲ. ದಯವಿಟ್ಟು ಹೆದರಬೇಡಿ. ಒಮ್ಮೆ ಬನ್ನಿ, ಎದುರಿಗೇ ನೋಡೋಣ. ಬರಲು ಮನಸ್ಸಿದ್ದರೆ ಸರಿ ಎಂದು ಒತ್ತಿ.’

ಡಾಕ್ಟರು ಒಂದಕ್ಷರವನ್ನೂ ತಿದ್ದಲಿಲ್ಲ.

ಆಮೇಲಿನ ಮೂರು ವಾರ ನನಗೆ ಊಟ ರುಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಚೆನ್ನಾಗಿಯೇ ತಿನ್ನುತ್ತಿದ್ದೆ, ಏನು ತಿಂದೆ ಎಂದು ಕೇಳಿದರೆ ಮಾತ್ರ ಹೇಳಲಾಗುತ್ತಿರಲಿಲ್ಲ. ಸೊಸೆ, “ಅತ್ತೆ, ಟೀವಿ ಆಫ್ ಆಗಿ ಅರ್ಧ ಗಂಟೆ ಆಯ್ತು, ಏನು ನೋಡ್ತಿದ್ದೀರಿ?” ಎಂದಳು. ಗುಬ್ಬಿ ಬಂದರೆ ಎಲ್ಲಿ ಕೂರಿಸುವುದು, ಮೊದಲು ನೀರು ಕೊಡುವುದೋ ಮೊದಲು ಮಾತೋ, ಅವಳ ಕೂದಲು ನೆರೆತಿದೆಯೋ, ಈಗಲೂ ಹಾಗೆಯೇ ನಗುತ್ತಾಳೋ. ಸೋಮವಾರ ಬಂತು, ‘ಬೇಡ’. ಇನ್ನೊಂದು ಸೋಮವಾರ, ‘ಬೇಡ’. ಮೂರನೆಯ ಸೋಮವಾರ ನಾನೂರ ಹದಿನೇಳರ ಮುಂದೆ ‘ಸರಿ’ ಎಂದಿತ್ತು.

ಫೋನ್ ಮಾಡಿದ್ದು ಡಾಕ್ಟರು, ತಮ್ಮ ಕೋಣೆಯೊಳಗಿಂದ. ನಾನು ಗಾಜಿನಾಚೆ ನಿಂತು ಅವರ ಬಾಯಿ ಆಡುವುದನ್ನು ನೋಡಿದೆ. ಹೊರಗೆ ಬಂದು, “ಗುರುವಾರ ಹನ್ನೊಂದಕ್ಕೆ ಬರ್ತಾರೆ” ಎಂದರು. ಹೆಸರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಗುರುವಾರ ಹತ್ತೂವರೆಗೇ ಒಬ್ಬರು ಬಂದರು. ಎತ್ತರದ ಹೆಂಗಸು, ಹೆಗಲಿಗೆ ಬಟ್ಟೆಯ ಚೀಲ, ಬಲಗೈ ಹೆಬ್ಬೆರಳ ಉಗುರು ಚಪ್ಪಟೆ. ಬಾಗಿಲಲ್ಲಿ ನಿಂತಾಗಲೇ ನನಗೆ ತಿಳಿಯಿತು. ಗುಬ್ಬಿ ಎಷ್ಟು ವಯಸ್ಸಾದರೂ ಅಷ್ಟು ಎತ್ತರ ಆಗಲಾರಳು.

ಆಕೆಯ ಕಿವಿ ಪರೀಕ್ಷೆಯಾಯಿತು. ವಯಸ್ಸಿಗೆ ಎಷ್ಟು ಬೇಕೋ ಅಷ್ಟಕ್ಕಿಂತ ಚೆನ್ನಾಗಿಯೇ ಇತ್ತು. ಚೀಟಿ ಕೊಡುವಾಗ ನಾನು ತಡೆಯಲಾರದೆ ಕೇಳಿದೆ, ಆರು ಒಂಬತ್ತು ಹೀಗೆ ಹೇಗಾಯಿತು ಎಂದು.

“ನಾನು ಹತ್ತು ವರ್ಷದವಳಿದ್ದಾಗಲೇ ಪ್ರೆಸ್ಸು ಸೇರಿದೆ ತಾಯಿ. ಅಚ್ಚುಮೊಳೆ ಜೋಡಿಸೋ ಕೆಲಸ. ಅಕ್ಷರ ಕಲಿಯೋ ಮೊದಲೇ ಅಂಕಿ ಕಲಿತದ್ದು, ಸೀಸದ ಮೊಳೆ ನೋಡಿ. ಕೈಯಲ್ಲಿ ಅದು ತಲೆಕೆಳಗೇ ಇರುತ್ತೆ. ಆಮೇಲೆ ಶಾಲೆಗೆ ಹೋದರೂ ಆ ಎರಡು ಮಾತ್ರ ತಿರುಗಲಿಲ್ಲ.” ಆಕೆ ನಕ್ಕರು. “ಎಲ್ಲರೂ ಪೆದ್ದಿ ಅಂತಿದ್ರು. ಕಲಿಸಿದವರ ತಪ್ಪು ಅಂದದ್ದು ನೀವೊಬ್ಬರೇ. ಬರೆದದ್ದು ಯಾರು? ಮಗಳ ಹತ್ತಿರ ಎರಡು ಸಲ ಓದಿಸಿಕೊಂಡೆ. ಅದಕ್ಕೇ ಬಂದದ್ದು.”

“ನಾನೇ” ಎಂದೆ. ಅದು ನಿಜವಾಗಿ ಯಾರಿಗೆ ಬರೆದದ್ದು ಎಂದೂ ಹೇಳಿಬಿಟ್ಟೆ. ಮೇಜು, ಜೋಲಿ, ಉತ್ತರದ ಹಾಳೆ, ಎಲ್ಲ. ಆಕೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಪೂರ್ತಿ ಕೇಳಿದರು.

“ಅವರು ಎಲ್ಲಿದ್ದಾರೆ ಅಂತ ಯಾರಿಗೂ ಗೊತ್ತಿಲ್ವಾ?”

“ನಾದಿನಿಗೆ ಗೊತ್ತಿರುತ್ತೆ.”

“ನಾದಿನಿ ಎಲ್ಲಿದ್ದಾರೆ?”

“ಇದೇ ಊರಲ್ಲಿ. ಎರಡು ಬಸ್ ಸ್ಟಾಪು.”

ಆಕೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. “ಎರಡು ಸಾವಿರ ಜನರ ಕಿವಿಯೊಳಗೆ ಹುಡುಕೋದು ಗೊತ್ತು, ಎರಡು ಸ್ಟಾಪು ಹೋಗಿ ಕೇಳೋಕೆ ಆಗಲ್ಲ. ಚೆನ್ನಾಗಿದೆ ತಾಯಿ ನಿಮ್ಮ ಕಥೆ. ಗೊತ್ತಿಲ್ಲದ ನನಗೆ ಅಷ್ಟು ಚೆಂದ ಬರೆದಿರಿ. ಬರೆಯಬೇಕಾದವರಿಗೆ ಒಂದು ಸಾಲು ಇಲ್ಲ.”

ಬಯ್ಯುವ ದನಿಯಲ್ಲ ಅದು. ಅದಕ್ಕೇ ನಾಟಿತು. ಇಷ್ಟು ವರ್ಷ ಅವಳು ಸಿಗುವುದಿಲ್ಲ, ಸಿಗುವುದಿಲ್ಲ ಎಂದು ಹಲುಬಿದ್ದೆ. ಕೇಳಿದರೆ ಸಿಗುತ್ತಾಳೆ ಎನ್ನುವುದೇ ನನ್ನ ಭಯವಾಗಿತ್ತು.

ಆಕೆ ಹೋದ ಮೇಲೆ ಮಧ್ಯಾಹ್ನವೇ ರಜೆ ಹೇಳಿ ನಾದಿನಿಯ ಮನೆಗೆ ಹೋದೆ. ಅವಳು ಬಟ್ಟೆ ಮಡಿಸುತ್ತಾ ಕೂತಿದ್ದಳು.

“ಏನತ್ತಿಗೆ, ಹೇಳದೆ ಕೇಳದೆ? ಯಾರಾದರೂ ಹೋದರಾ?”

“ಯಾರೂ ಹೋಗಿಲ್ಲ ಕಣೆ. ಗುಬ್ಬಿ ಎಲ್ಲಿದ್ದಾಳೆ?”

ಅವಳು ಮಡಿಸುತ್ತಿದ್ದ ಟವೆಲನ್ನು ಬಿಡಿಸಿ, ಮತ್ತೆ ಮಡಿಸಿದಳು.

“ಮೂವತ್ತು ವರ್ಷ ಬೇಕಾಯ್ತಾ ಇದನ್ನ ಕೇಳೋಕೆ? ಚಿಕ್ಕತ್ತಿಗೆ ಮಗಳ ಮನೆಯಲ್ಲಿದ್ದಾರೆ. ಬಸ್ಸಲ್ಲಿ ಏಳು ಗಂಟೆ ದಾರಿ. ಪ್ರತಿ ಸಲ ಅವರು ಕೇಳ್ತಿದ್ದರು, ಅಕ್ಕ ಹೇಗಿದ್ದಾರೆ, ಅಕ್ಕ ನನ್ನ ಕೇಳಿದರಾ ಅಂತ. ಹೂಂ, ಕೇಳಿದರು ಅಂತ ನಾನು ಹೇಳ್ತಾ ಬಂದೆ. ಎಷ್ಟು ಸಲ ಅಂತ ಹೇಳೋದು? ನನಗೂ ವಯಸ್ಸಾಯ್ತು, ಸುಳ್ಳು ಜ್ಞಾಪಕ ಇರಲ್ಲ.”

ನಾನು ಅಲ್ಲೇ ಬಟ್ಟೆಗಳ ನಡುವೆ ಕೂತೆ.

“ಫೋನ್ ಹಚ್ಚಿ ಕೊಡು. ಮಾತಾಡ್ತೀನಿ.”

“ಆಗಲ್ಲ ಅತ್ತಿಗೆ. ಎರಡು ವರ್ಷದಿಂದ ಅವರಿಗೆ ಕಿವಿ ಕೇಳಲ್ಲ. ಫೋನಲ್ಲಂತೂ ಏನೂ ಕೇಳಲ್ಲ. ಮಗಳು ಮಷೀನು ಹಾಕಿಸೋಣ ಅಂದರೆ ಯಾಕೆ, ಯಾರ ಮಾತು ಕೇಳಬೇಕಿದೆ ನನಗೆ ಅಂತಾರಂತೆ. ಏನಾದರೂ ಹೇಳಬೇಕಾದರೆ ನಾನು ಫೋನಲ್ಲಿ ಬರೆದು ಕಳಿಸ್ತೀನಿ, ಓದಿಕೊಳ್ತಾರೆ.”

ಎರಡು ಸಾವಿರದ ಮುನ್ನೂರು ಕಿವಿಗಳು ನನ್ನ ಕಣ್ಣಮುಂದೆ ಇಳಿದು ಹೋಗಿದ್ದವು. ಒಂದೊಂದು ಸಾಲನ್ನೂ ಬಿಡದೆ ಓದಿದ್ದೆ. ಅವಳದ್ದು ಅದರಲ್ಲಿರಲಿಲ್ಲ.

“ಬರೆದು ಕಳಿಸು,” ಎಂದೆ. “ಅಕ್ಕ ಬರ್ತಾಳಂತೆ, ಬರಲಾ ಅಂತ ಕೇಳ್ತಿದ್ದಾಳೆ ಅಂತ ಬರಿ. ಬೇಡ ಅಂದರೆ ಬೇಡ ಅಂತಲೇ ನನಗೆ ಹೇಳು. ನನಗೂ ಸುಳ್ಳು ಹೇಳಬೇಡ.”

ನಾದಿನಿ ಕನ್ನಡಕ ಹುಡುಕಿ ಹಾಕಿಕೊಂಡು, ಒಂದೇ ಬೆರಳಿನಲ್ಲಿ ಒತ್ತಿ ಕಳಿಸಿದಳು. ನಾವಿಬ್ಬರೂ ಮಿಕ್ಕ ಬಟ್ಟೆ ಮಡಿಸಿದೆವು. ಅವಳು ಕಾಫಿ ಮಾಡಿದಳು. ನನ್ನದು ಕೆನೆಗಟ್ಟಿತು. ಎದುರು ಮನೆಯವರು ಬಾಗಿಲು ಹಾಕಿ ಎಲ್ಲಿಗೋ ಹೊರಟರು. ನಲವತ್ತು ನಿಮಿಷ ಕಳೆದ ಮೇಲೆ ಫೋನು ಒಮ್ಮೆ ಗುರ್ ಎಂದಿತು. ನಾದಿನಿ ಅದನ್ನು ಕಣ್ಣಿನಿಂದ ದೂರ ಹಿಡಿದು ಓದಿದಳು.

“ಏನಂತೆ?”

“ಯಾವ ಬಸ್ಸು ಅಂತ ಕೇಳ್ತಿದ್ದಾರೆ.”